ಇನ್ಸುಲಿನ್ ಸೂಜಿಯ ಬದಲು ನುಂಗುವ ಕ್ಯಾಪ್ಸೂಲ್ ಬಂದಿದೆಯಾ?

ಅಮ್ಮನಿಗೆ ದಿನಾ ಸೂಜಿ ಚುಚ್ಚುವುದನ್ನು ನೋಡಲಾಗುತ್ತಿಲ್ಲ, ಹೊಟ್ಟೆಯೊಳಗೇ ಇನ್ಸುಲಿನ್ ಕೊಡುವ ಕ್ಯಾಪ್ಸೂಲ್ ಬಂದಿದೆಯಂತೆ, ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಮಂಡ್ಯದಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಅಲ್ಲೂ ಆಗಾಗ ಇದನ್ನೇ ಕೇಳುತ್ತಾರೆ. ನೀವು ಕೇಳಿದ ಸುದ್ದಿ ಸುಳ್ಳಲ್ಲ. ಆದರೆ ಅದು ಇನ್ನೂ ಅಂಗಡಿಗೆ ಬಂದಿಲ್ಲ.

ಇನ್ಸುಲಿನ್ ಒಂದು ಪ್ರೋಟೀನ್. ಸುಮ್ನೆ ನುಂಗಿದರೆ ಬೇಳೆ, ಮೊಟ್ಟೆ ಅರಗಿದ ಹಾಗೆ ಅದೂ ಅರಗಿ ಹೋಗುತ್ತದೆ. ಅದಕ್ಕೇ ಸೂಜಿ ಬೇಕು.

2019ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದವರು ಆ ಸೂಜಿಯನ್ನೇ ಬಟಾಣಿ ಗಾತ್ರದ ಕ್ಯಾಪ್ಸೂಲ್ ಒಳಗಿಟ್ಟು ತೋರಿಸಿದರು. ಆಮೆ ಚಿಪ್ಪಿನ ಆಕಾರ, ತಳ ಭಾರ. ಹೊಟ್ಟೆಯಲ್ಲಿ ಹೇಗೆ ಬಿದ್ದರೂ ತಂಜಾವೂರು ಬೊಂಬೆಯ ಹಾಗೆ ಎದ್ದು ಕೂರುತ್ತದೆ. ಒಳಗೊಂದು ಸ್ಪ್ರಿಂಗ್. ಅದನ್ನು ಒತ್ತಿ ಹಿಡಿದಿರುವುದು ಸಕ್ಕರೆಯ ಬಿಲ್ಲೆ. ಬಿಲ್ಲೆ ಕರಗಿದ ಕೂಡಲೇ ಸ್ಪ್ರಿಂಗ್ ಚಿಮ್ಮಿ, ಒಣ ಇನ್ಸುಲಿನ್‌ನಿಂದಲೇ ಮಾಡಿದ ಮೊನೆ ಜಠರದ ಗೋಡೆಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಔಷಧಿಗೆ ಸಕ್ಕರೆಯದೇ ಬೀಗ! ಮಂಡ್ಯದವನಾದ ನನಗೆ ಇದು ತುಂಬಾ ಹಿಡಿಸಿತು. ಆದರೆ ಆಗ ಪ್ರಯೋಗ ಮಾಡಿದ್ದು ಹಂದಿಗಳ ಮೇಲೆ.

ರಾನಿಪಿಲ್ ಎಂಬ ಇನ್ನೊಂದಿದೆ. ಅದರ ಹೊದಿಕೆ ಜಠರದಲ್ಲಿ ಕರಗುವುದಿಲ್ಲ, ಸಣ್ಣ ಕರುಳಿನಲ್ಲಿ ಕರಗುತ್ತದೆ. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದರೆ ನೊರೆ ಬರುತ್ತದಲ್ವಾ, ಅದೇ ಗ್ಯಾಸ್ ಒಳಗಿನ ಪುಟ್ಟ ಬಲೂನನ್ನು ಊದಿಸಿ ಮೊನೆಯನ್ನು ಕರುಳಿನ ಗೋಡೆಗೆ ಒತ್ತುತ್ತದೆ. ಇದನ್ನು ಜನರ ಮೇಲೂ ಪರೀಕ್ಷಿಸಿದ್ದಾರೆ, ಆಕ್ಟ್ರಿಯೋಟೈಡ್ ಎಂಬ ಬೇರೆ ಔಷಧಿ ತುಂಬಿ.

ಹೊದಿಕೆಯ ಉಪಾಯ ಹಳೆಯದೇ. ಆ್ಯಸಿಡಿಟಿಯ ಒಮೆಪ್ರಜೋಲ್ ಕ್ಯಾಪ್ಸೂಲ್ ಬಿಚ್ಚಿದರೆ ಸಾಸಿವೆಯಂಥ ಸಣ್ಣ ಗುಂಡುಗಳು ಇರುತ್ತವೆ. ಅವಕ್ಕೂ ಇಂಥದ್ದೇ ಹೊದಿಕೆ. ನಮ್ಮ ಬೀದಿಯ ಅಜ್ಜಿಯೊಬ್ಬರು ನುಂಗಲಾಗದೆ ಅದನ್ನು ಮಜ್ಜಿಗೆ ಜೊತೆ ಅಗಿದು ತಿನ್ನುತ್ತಿದ್ದರು. ಔಷಧಿ ಕರುಳು ಮುಟ್ಟುವ ಮೊದಲೇ ಹಾಳು. ಮೂರು ವಾರ ಎದೆಯುರಿ ನಿಲ್ಲಲಿಲ್ಲ, ಪಾಪ.

ಒಂದು ಎಚ್ಚರಿಕೆ. ಸೆಮಾಗ್ಲುಟೈಡ್ ಮಾತ್ರೆ ಈಗ ಸಿಗುತ್ತದೆ, ಅದೂ ಸಕ್ಕರೆ ಕಾಯಿಲೆಗೇ. ಆದರೆ ಅದು ಇನ್ಸುಲಿನ್ ಅಲ್ಲ. ಅದನ್ನು ನಂಬಿ ಅಮ್ಮನ ಇನ್ಸುಲಿನ್ ನಿಲ್ಲಿಸಬೇಡಿ. ಏನೇ ಬದಲಾವಣೆ ಇದ್ದರೂ ಡಾಕ್ಟರ್ ಹೇಳಲಿ.

ನೋವು ಕಡಿಮೆಯಾಗಲು ಇವತ್ತೇ ಮಾಡಬಹುದಾದದ್ದು ಇದೆ. ಇನ್ಸುಲಿನ್ ಪೆನ್ ಬಳಸುತ್ತಿದ್ದರೆ 4 ಮಿ.ಮೀ. ಸೂಜಿ ಕೇಳಿ. ಫ್ರಿಜ್‌ನಿಂದ ತೆಗೆದ ತಕ್ಷಣ ಚುಚ್ಚಬೇಡಿ, ತಣ್ಣಗಿದ್ದರೆ ಜಾಸ್ತಿ ಉರಿಯುತ್ತದೆ. ಒಂದೇ ಜಾಗಕ್ಕೆ ಚುಚ್ಚಿದರೆ ಗಂಟು ಕಟ್ಟುತ್ತದೆ, ಜಾಗ ಬದಲಿಸುತ್ತಿರಿ. ಈಗಾಗಲೇ ಗಂಟು ಇದೆಯಾ ಎಂದು ಅಮ್ಮನ ಹೊಟ್ಟೆ ಮೇಲೆ ಕೈಯಾಡಿಸಿ ನೋಡಿ.