ಓದುಗರ ಪ್ರಶ್ನೆ: ಮನೆಯೊಳಗಿನ ಆರ್ಕಿಡ್‌ಗೆ ಹುಳ ಬಿದ್ದರೆ

ಪ್ರಶ್ನೆ: ಹಾಲ್‌ನಲ್ಲಿರುವ ಫೆಲನಾಪ್ಸಿಸ್ ಆರ್ಕಿಡ್ ಗಿಡದ ಎಲೆಬುಡದಲ್ಲಿ ಹತ್ತಿಯಂಥ ಬಿಳಿ ಗಂಟುಗಳಿವೆ. ಒರೆಸಿ ತೆಗೆದರೂ ಹದಿನೈದು ದಿನಕ್ಕೆ ಮತ್ತೆ ಹಾಜರು. ಬೇವಿನೆಣ್ಣೆ ಎರಡು ಸಲ ಹೊಡೆದೆವು. ಗಿಡ ಎಸೆಯುವುದೇ ವಾಸಿಯೇ?
– ಓದುಗರು, ಮೂಡಿಗೆರೆ

ಉತ್ತರ: ಎಸೆಯಬೇಡಿ. ಇದು ಹಿಟ್ಟು ತಿಗಣೆ. ನಿಮ್ಮ ಕಡೆ ಕಾಫಿ ಗಿಡದ ರೆಕ್ಕೆಗಳಿಗೆ, ಅಂದರೆ ಅಡ್ಡರೆಂಬೆಗಳಿಗೆ, ಹತ್ತುವುದೂ ಇದೇ ಬಳಗ. ಆ ಹತ್ತಿಯಂಥದ್ದು ಮೇಣ. ಅದರೊಳಗೆ ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಟ್ಟಿರುತ್ತದೆ, ಸಿಂಪಡಿಸಿದ ಔಷಧಿ ಅಲ್ಲಿಗೆ ಇಳಿಯುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗಳಿಗೆ ಮೊದಲ ಕೆಲವು ದಿನ ಮೇಣ ಇರುವುದಿಲ್ಲ. ತಿಳಿಹಳದಿ ಬಣ್ಣದ, ಸೂಜಿಮೊನೆಯಷ್ಟು ಗಾತ್ರದ ಈ ಮರಿಗಳು ಸಿಕ್ಕಿಬೀಳುವುದು ಆ ದಿನಗಳಲ್ಲೇ. ಹಾಗಾಗಿ ಯಾವ ಔಷಧಿ ಎನ್ನುವುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಎನ್ನುವುದು ಮುಖ್ಯ. ವಾರಕ್ಕೊಮ್ಮೆ, ಬಿಡದೆ ನಾಲ್ಕು ವಾರ ಮಾಡಿ.

ಮೆಡಿಕಲ್ ಶಾಪ್‌ನಲ್ಲಿ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಕೇಳಿ ತನ್ನಿ. ಶೇ. 99ರದು ಸಿಕ್ಕಿದರೆ 7 ಪಾಲಿಗೆ 3 ಪಾಲು ನೀರು ಬೆರೆಸಿ. ಸ್ಯಾನಿಟೈಸರ್ ಜೆಲ್ ಬೇಡ, ಎಲೆಗೆ ಅಂಟಿಕೊಂಡು ಧೂಳು ಹಿಡಿಯುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಅದ್ದಿ ಒಂದೊಂದು ಗಂಟಿಗೂ ಮುಟ್ಟಿಸಿ. ಮೇಣ ಕರಗಿ ಒಳಗಿನ ಹುಳ ಕಂದುಬಣ್ಣಕ್ಕೆ ತಿರುಗಿದರೆ ಕೆಲಸವಾಯಿತು. ಎಲೆಯ ಕಂಕುಳು, ಎಲೆಯಡಿಯ ನಡುನರ, ಹೂದಂಡಿನ ಗಿಣ್ಣುಗಳು, ಮೊಗ್ಗಿನ ಹಿಂಭಾಗ ಯಾವುದನ್ನೂ ಬಿಡಬೇಡಿ. ಗಿಣ್ಣಿನ ಮೇಲಿನ ಒಣಸಿಪ್ಪೆಯನ್ನು ಉಗುರಿನಿಂದ ಸುಲಿದರೆ ಅರ್ಧ ಸಂಸಾರ ಅಲ್ಲೇ ಸಿಗುತ್ತದೆ. ಬೇರಿಗೆ ಆಲ್ಕೊಹಾಲ್ ಸುರಿಯಬಾರದು, ತುದಿ ಸುಟ್ಟುಹೋಗುತ್ತದೆ.

ಮಾರನೆಯ ದಿನ ಸಂಜೆ ಲೀಟರ್ ನೀರಿಗೆ 5 ಗ್ರಾಂ ಬೇವಿನ ಸೋಪು ಕರಗಿಸಿ ಎಲೆಯ ಎರಡೂ ಬದಿ ತೊಯ್ಯುವಂತೆ ಸಿಂಪಡಿಸಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ಒಡೆದು ಬಿಳಿ ಕಲೆ ಉಳಿಯುತ್ತದಷ್ಟೆ, ಹುಳ ಸಾಯುವುದಿಲ್ಲ, ಮಳೆನೀರು ಬಳಸಿ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಹೂವಿಗೆ ತಾಗಿಸಬೇಡಿ. ಸುಳಿಯಲ್ಲಿ ನಿಂತ ನೀರನ್ನು ಟಿಶ್ಯೂ ಕಾಗದದಿಂದ ಹೀರಿಸಿ. ಇದನ್ನು ಮರೆತರೆ ಹುಳದ ಬದಲು ಸುಳಿಕೊಳೆಯೇ ಗಿಡ ತಿನ್ನುತ್ತದೆ.

ಇಷ್ಟಾದರೂ ಮತ್ತೆ ಬಂದರೆ ಹುಳ ಬೇರಿನಲ್ಲಿದೆ ಎಂದೇ ಲೆಕ್ಕ. ಗಿಡವನ್ನು ಕುಂಡದಿಂದ ಹೊರತೆಗೆದು ನೋಡಿ: ಬೇರಿನ ಸಂದಿನಲ್ಲಿ, ಕುಂಡದ ಅಂಚಿನ ಮಡಿಕೆಯಡಿ, ತಳದ ತೂತುಗಳಲ್ಲಿ ಬಿಳಿ ಹಿಟ್ಟು ಕಾಣುತ್ತದೆ. ಹಳೆಯ ತೆಂಗಿನ ಮಟ್ಟೆಚೂರು, ಇದ್ದಿಲು ಎಲ್ಲ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ. ಇನ್ನೊಂದು ಕುಂಡಕ್ಕೆ ಸುರಿಯಬೇಡಿ. ಒತ್ತಿದರೆ ಚಪ್ಪಟೆಯಾಗುವ ಪೊಳ್ಳು ಬೇರುಗಳನ್ನು ಕತ್ತರಿಸಿ, ಉಳಿದವನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಹೊಸ ಮಟ್ಟೆಚೂರನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ತುಂಬಿ. ಎರಡು ಮೂರು ದಿನ ನೀರು ಬೇಡ. ಆಷಾಢದ ಮಳೆಯಲ್ಲಿ ಈ ಕೆಲಸ ಮಾಡುವುದಾದರೆ ಕತ್ತರಿಸಿದ ಬೇರು ಒಣಗಲು ಫ್ಯಾನ್ ಗಾಳಿ ಬೇಕೇ ಬೇಕು.

ಇರುವೆ ಸಾಲು ಇದೆಯೇ ನೋಡಿ. ತಿಗಣೆಯ ಅಂಟುನೀರಿಗಾಗಿ ಇರುವೆ ಅದನ್ನು ಸಾಕುತ್ತದೆ, ಗಿಡದಿಂದ ಗಿಡಕ್ಕೆ ಹೊತ್ತೂ ಒಯ್ಯುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ದಾರಿ ಮುಚ್ಚಿ.

ಒಂದು ಎಚ್ಚರಿಕೆ: ಬಿಳಿ ಮೇಣದ ಕುಚ್ಚು ಹೊತ್ತು ಚುರುಕಾಗಿ ಓಡಾಡುವ ದೊಡ್ಡ ಹುಳ ಕಂಡರೆ ಕೊಲ್ಲಬೇಡಿ. ಅದು ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಗುಲಗಂಜಿ ಹುಳದ ಮರಿ. 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಈ ಜೀರುಂಡೆ ಇವತ್ತಿಗೂ ಕಾಫಿ ಬೆಳೆಗಾರರ ಕೆಲಸಕ್ಕೆ ಬರುತ್ತಿದೆ.

ಪ್ರಶ್ನೆ: ಹೂದಂಡಿನಲ್ಲಿ, ಎಲೆಯಡಿಯಲ್ಲಿ ಅಂಟಂಟಾದ ಸಿಹಿ ಹನಿಗಳು. ಭೂತಗನ್ನಡಿ ಹಿಡಿದು ಹುಡುಕಿದರೂ ಹುಳ ಕಾಣುವುದಿಲ್ಲ.
– ಓದುಗರು, ಹಾಸನ

ಉತ್ತರ: ಹುಳ ಇಲ್ಲದಿದ್ದರೆ ಚಿಂತೆಯೂ ಇಲ್ಲ. ಫೆಲನಾಪ್ಸಿಸ್ ಸೇರಿದಂತೆ ಹಲವು ಆರ್ಕಿಡ್‌ಗಳು ಹೂವಿನ ಹೊರಗೂ ಮಕರಂದ ಸುರಿಸುತ್ತವೆ. ಹನಿ ತಿಳಿಯಾಗಿ, ಗಿಣ್ಣು ಮೊಗ್ಗುಗಳ ಬಳಿ ಒಂಟೊಂಟಿಯಾಗಿ ನಿಂತಿರುತ್ತದೆ. ಹುಳದ ಅಂಟಾದರೆ ಕೆಳಗಿನ ಎಲೆಗೆ ಎರಚಿದಂತೆ ಬಿದ್ದು, ಕೆಲ ದಿನಕ್ಕೆ ಕಪ್ಪು ಮಸಿ ಹಿಡಿಯುತ್ತದೆ. ಇರುವೆ ಬಾರದಂತೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಪ್ರಶ್ನೆ: ಬೇಸಿಗೆಯಲ್ಲಿ ಡೆಂಡ್ರೋಬಿಯಂ ಆರ್ಕಿಡ್‌ನ ಎಲೆಯಡಿ ಬೆಳ್ಳಿ ಬಳಿದಂತಾಗಿದೆ. ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡೆದ ಮೇಲೆ ಇನ್ನೂ ಹೆಚ್ಚಿತು.
– ಓದುಗರು, ಅರಸೀಕೆರೆ

ಉತ್ತರ: ಹೆಚ್ಚುವುದು ಸಹಜ. ಬಿಳಿ ಟಿಶ್ಯೂವಿನಿಂದ ಎಲೆಯಡಿ ಒರೆಸಿ; ಕೆಂಗಂದು ಗೀರು ಬಿದ್ದರೆ ಅದು ನುಸಿ. ನುಸಿ ಕೀಟವಲ್ಲ, ಜೇಡನ ಕಡೆಯದು. ಇಮಿಡಾಕ್ಲೋಪ್ರಿಡ್ ಅದಕ್ಕೆ ನಾಟುವುದಿಲ್ಲ, ಅದನ್ನು ತಿನ್ನುವ ಕೀಟಗಳು ಮಾತ್ರ ಸಾಯುತ್ತವೆ. ಮನೆಯೊಳಗೆ, ಮಕ್ಕಳು ಓಡಾಡುವ ಕಡೆ, ಅಂಥ ಔಷಧಿ ಸಿಂಪಡಿಸುವುದೇ ಸರಿಯಲ್ಲ ಎನ್ನುವುದು ಬೇರೆ ಮಾತು.

ನುಸಿಗೆ ಒಣಹವೆ, ಸೆಕೆ ಎರಡೂ ಇಷ್ಟ. ಗಿಡವನ್ನು ಬಚ್ಚಲಿಗೆ ಒಯ್ದು, ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ವಾಲಿಸಿ ಹಿಡಿದು ಎಲೆಯಡಿಗೆ ಜೋರಾಗಿ ನೀರು ಹಾಯಿಸಿ. ನಾಲ್ಕೈದು ದಿನಕ್ಕೊಮ್ಮೆ ಹೀಗೆ ಮೂರು ವಾರ. ನಡುವೆ ಸಂಜೆ ಹೊತ್ತು ಮೇಲೆ ಹೇಳಿದ ಸೋಪುನೀರು. ಗಂಧಕದ ಪುಡಿಯೂ ನುಸಿ ಕೊಲ್ಲುತ್ತದೆ, ಆದರೆ ನಿಮ್ಮೂರ ಏಪ್ರಿಲ್ ಬಿಸಿಲಿಗೆ ಅದು ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಆಸುಪಾಸಿನಲ್ಲಂತೂ ಮುಟ್ಟಲೇಬೇಡಿ. ಬೆಳ್ಳಿಯಾದ ಎಲೆ ಮತ್ತೆ ಹಸಿರಾಗದು. ಹೊಸ ಎಲೆ ಸ್ವಚ್ಛವಾಗಿ ಬಂದರೆ ಗೆದ್ದಿರಿ.

ಪ್ರಶ್ನೆ: ಮಳೆಗಾಲದಲ್ಲಿ ಕುಂಡದ ಸುತ್ತ ಚಿಕ್ಕ ಕಪ್ಪು ನೊಣ, ನೀರು ಹಾಕಿದರೆ ನೆಗೆಯುವ ಬಿಳಿ ಹುಳ.
– ಓದುಗರು, ಸಕಲೇಶಪುರ

ಉತ್ತರ: ನೆಗೆಯುವವು ಕೊಳೆತದ್ದನ್ನು ತಿಂದು ಬದುಕುವವು, ಬಿಟ್ಟುಬಿಡಿ. ನೊಣಗಳಿಗೆ ಹಳದಿ ಅಂಟುಕಾರ್ಡ್ ಸಿಕ್ಕಿಸಿ. ಎರಡೂ ಹೇಳುತ್ತಿರುವುದು ಒಂದೇ: ಕುಂಡದೊಳಗಿನ ಪಾಚಿ, ಮಟ್ಟೆ ಕೊಳೆಯುತ್ತಿದೆ. ಬದಲಿಸಿ, ನೀರು ಕಡಿಮೆ ಮಾಡಿ.

ಪ್ರಶ್ನೆ: ತೋಟದಲ್ಲಿ ಮುರಿದುಬಿದ್ದ ಕೊಂಬೆಯ ಮೇಲಿದ್ದ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡನ್ನು ಮನೆಗೆ ತಂದೆವು. ಎಲೆಯ ಮೇಲೆ ಕಂದು ಹುರುಪೆಗಳಿವೆ, ಇರುವೆ ಇಲ್ಲ. ರೋಗವೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಉಗುರಿನಿಂದ ಕೆರೆಯಿರಿ. ಚಿಪ್ಪು ಕಳಚಿ ಕೆಳಗೆ ಮೆತ್ತನೆಯ ಹಳದಿ ಹುಳ ಸಿಕ್ಕರೆ ಶಲ್ಕ ಕೀಟ, ಕಳಚದಿದ್ದರೆ ಎಲೆಚುಕ್ಕೆ. ಗಟ್ಟಿಚಿಪ್ಪಿನ ಶಲ್ಕ ಅಂಟು ಸುರಿಸುವುದಿಲ್ಲ, ಅದಕ್ಕೇ ಇರುವೆಯೂ ಬಂದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ ಅನ್ನು ಸೋಪುನೀರಿನಲ್ಲಿ ಅದ್ದಿ ಚಿಪ್ಪುಗಳನ್ನು ಉಜ್ಜಿ ತೆಗೆಯಿರಿ. ಬಳಿಕ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ದ್ರವಸೋಪು ಕಲಕಿ ಹತ್ತು ದಿನಕ್ಕೊಮ್ಮೆ ಮೂರು ಸಲ ಹೊಡೆಯಿರಿ. ಎಣ್ಣೆ ತೇಲುತ್ತದೆ, ಬಾಟಲಿಯನ್ನು ಆಗಾಗ ಕುಲುಕುತ್ತಲೇ ಇರಬೇಕು. ಚಿಪ್ಪು ಉಜ್ಜದೆ ಹೊಡೆದರೆ ಎಣ್ಣೆ ದಂಡ. ಒಂದೂವರೆ ತಿಂಗಳು ಆ ಗಿಡವನ್ನು ಉಳಿದವುಗಳಿಂದ ದೂರ, ಬೇರೆ ಕೋಣೆಯಲ್ಲಿಡಿ. ಅದಕ್ಕೆ ಬಳಸಿದ ಕತ್ತರಿ, ಬ್ರಷ್ ಬೇರೆ ಗಿಡಕ್ಕೆ ಹೋಗದಿರಲಿ.