ಮಹಾಮಾರಿ ಬಂದಾಗ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಡೆಸುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಕಾಲೇಜಿನ ಆಸ್ಪತ್ರೆಯ ಉಸ್ತುವಾರಿ ಹೊಸದಾಗಿ ನಿಮ್ಮ ಹೆಗಲಿಗೆ ಬಂದಿದೆ. ಕೋವಿಡ್‌ನಂಥದ್ದು ಮತ್ತೆ ಬಂದರೆ ವೈದ್ಯರು, ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು), ಇಂಟರ್ನ್‌ಗಳು, ಅಟೆಂಡರ್‌ಗಳನ್ನೆಲ್ಲ ಕಟ್ಟಿಕೊಂಡು ಬಾಗಿಲು ಮುಚ್ಚದೆ ನಡೆಸಬೇಕು, ಎಲ್ಲಿಂದ ಶುರು ಮಾಡಲಿ?

ಟೀ ಕುಡಿಯುವ ಜಾಗದಿಂದ ಶುರು ಮಾಡಿ. ಕೋವಿಡ್ ಕಾಲದಲ್ಲಿ ನಮ್ಮಂಥ ಆಸ್ಪತ್ರೆಗಳಿಗೆ ಅಪಾಯ ಬಂದದ್ದು ಪ್ರಾಣಿಗಳಿಂದಲ್ಲ, ಪಕ್ಕದಲ್ಲಿ ಕೂತು ಮಾಸ್ಕ್ ತೆಗೆದು ಟೀ ಕುಡಿದವರಿಂದ. ದಾಖಲೆಯೂ ಅದನ್ನೇ ಹೇಳುತ್ತದೆ. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಗೆ ಸೋಂಕು ತಗುಲಿದ್ದು ಗೊತ್ತಾಯಿತು, 2021ರ ಮೇ ತಿಂಗಳಲ್ಲಿ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳಿಗೆ ತಗುಲಿತು. ಎರಡೂ ಕಡೆ ಬೊಟ್ಟು ಹೋದದ್ದು ಮನುಷ್ಯರ ಕಡೆಗೇ. ಹಾಗಾಗಿ ಬೆಕ್ಕನ್ನು ಹಿಡಿಯುವಾಗ ಹಾಕುವ ಮಾಸ್ಕ್ ಬೆಕ್ಕನ್ನೂ ಕಾಯುತ್ತದೆ. ನಿಮ್ಮ ಮುಖ್ಯ ಕೆಲಸ ಒಂದೇ: ಇಡೀ ತಂಡ ಒಂದೇ ವಾರದಲ್ಲಿ ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವುದು. ಉಳಿದ ಪ್ರತಿ ನಿರ್ಧಾರವನ್ನೂ ಈ ಒಂದು ಪ್ರಶ್ನೆಗೆ ಹಿಡಿದು ನೋಡಿ.

ಮೊದಲ ವಾರದಲ್ಲೇ ಒಂದು ಲಿಖಿತ ಆದೇಶ ಹೊರಡಿಸಿ: ಜ್ವರ, ಕೆಮ್ಮು ಎಂದು ಮನೆಯಲ್ಲಿ ಉಳಿದವರ ದಿನಗಳು ಹಾಜರಿಯೇ. ಕಾಯಂ ನೌಕರರಿಗೆ ಇದು ಸುಲಭ. ಹೊರಗುತ್ತಿಗೆಯ ಅಟೆಂಡರ್‌ಗಳದ್ದೇ ಕಷ್ಟ. ಅವರ ಸಂಬಳ ಏಜೆನ್ಸಿಯಿಂದ ದಿನದ ಲೆಕ್ಕದಲ್ಲಿ ಬರುತ್ತದೆ, ಒಂದು ವಾರ ಮನೆಯಲ್ಲಿ ಕೂತರೆ ಮನೆ ಬಾಡಿಗೆಗೆ ಕಲ್ಲು ಬೀಳುತ್ತದೆ. ಅಂಥವರು ಮಾತ್ರೆ ನುಂಗಿ ಬರುತ್ತಾರೆ, ಬಂದು ನಾಯಿ ಹಿಡಿಯುತ್ತಾರೆ, ನಾಯಿ ಹಿಡಿಯುವಾಗ ಅವರ ಮುಖಕ್ಕೂ ವೈದ್ಯರ ಮುಖಕ್ಕೂ ಒಂದು ಅಡಿ ಅಂತರ ಇರುತ್ತದೆ. ತಪ್ಪು ಅವರದಲ್ಲ. ಡೀನ್, ಹಣಕಾಸು ಶಾಖೆ, ಏಜೆನ್ಸಿ ಮೂವರನ್ನೂ ಒಂದೇ ಮೇಜಿಗೆ ಕೂರಿಸಿ ಇದನ್ನು ಬರಹದಲ್ಲಿ ಮಾಡಿಸದೆ ಮಾಸ್ಕ್, ಸ್ಯಾನಿಟೈಸರ್, ಥರ್ಮಾಮೀಟರ್ ಎಷ್ಟು ಕೊಂಡರೂ ಉಪಯೋಗ ಅರ್ಧವೇ. ನನ್ನ ಮಟ್ಟಿಗೆ ನಾಯಕತ್ವದ ಮೊದಲ ಪರೀಕ್ಷೆ ಇದು.

ಆಮೇಲೆ ತಂಡ ಒಡೆಯುವುದು. ಎರಡು ತಂಡ, ಏಳು ದಿನ ಕೆಲಸ, ಏಳು ದಿನ ಮನೆ. ಜನ ಸಾಕಷ್ಟಿದ್ದರೆ ಮೂರು ತಂಡ. ಎಲ್ಲರೂ ವಿಭಾಗವಾರು ಒಡೆಯುತ್ತಾರೆ: ಸರ್ಜರಿಯ ಅರ್ಧ ಇಲ್ಲಿ, ಮೆಡಿಸಿನ್‌ನ ಅರ್ಧ ಅಲ್ಲಿ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಯಾರು ಯಾರ ಜೊತೆ ವಾಸ ಮಾಡುತ್ತಾರೆ ಎಂದು. ಹಾಸ್ಟೆಲ್‌ನ ಒಂದೇ ರೂಮಿನವರು, ಗಂಡ ಹೆಂಡತಿ, ಒಂದೇ ಬೈಕಿನಲ್ಲಿ ಬರುವ ಇಬ್ಬರು, ಇವರೆಲ್ಲ ಒಂದೇ ತಂಡದಲ್ಲಿರಬೇಕು. ಬೇರೆ ಬೇರೆ ತಂಡಕ್ಕೆ ಹಾಕಿದರೆ ತಂಡಗಳ ನಡುವೆ ನೀವೇ ಸೇತುವೆ ಕಟ್ಟಿದಂತೆ. ಎರಡನೆಯದು, ಅರಿವಳಿಕೆ ಕೊಡಬಲ್ಲವರು, ಎಕ್ಸ್‌ರೇ ಯಂತ್ರ ಬಲ್ಲವರು, ಸಿಸೇರಿಯನ್ ಮಾಡಬಲ್ಲವರು ತಂಡಕ್ಕೊಬ್ಬರಾದರೂ ಇರಬೇಕು. ಇಡೀ ಆಸ್ಪತ್ರೆಗೆ ಒಬ್ಬರೇ ಇದ್ದರೆ ಮೊದಲ ಹದಿನೈದು ದಿನದಲ್ಲಿ ಇನ್ನೊಬ್ಬರಿಗೆ ಕಲಿಸಿ. ಬೇರೆಲ್ಲ ತರಬೇತಿಯನ್ನೂ ಮುಂದೂಡಬಹುದು, ಇದನ್ನಲ್ಲ.

ಈ ವ್ಯವಸ್ಥೆ ಹಾಳಾಗುವುದು ದೊಡ್ಡ ತಪ್ಪಿನಿಂದಲ್ಲ. 'ಒಂದು ದಿನ ಬಂದು ಹೋಗಿ ಸಾರ್, ನೈಟ್ ಡ್ಯೂಟಿಗೆ ಜನ ಇಲ್ಲ' ಎಂಬ ಒಂದು ಫೋನ್ ಕರೆ ಸಾಕು. ಅದಕ್ಕೇ ಪ್ರತಿ ತಂಡಕ್ಕೂ ಇಬ್ಬರು ಕಾಯ್ದಿಟ್ಟ ಜನ ಬೇಕು, ಅವರೂ ಅದೇ ತಂಡದವರು. ತಂಡ ಬದಲಾಗುವ ದಿನ ಹಳೆಯ ತಂಡ ಹೊರಟು, ಕಿಟಕಿ ತೆರೆದು, ನೆಲ ಮೇಜು ಒರೆಸಿ ಆದ ಮೇಲೆ ಹೊಸಬರು ಒಳಗೆ ಬರಲಿ. ಒಳರೋಗಿ ಪ್ರಾಣಿಗಳ ವಿವರ ಕೇಸ್‌ಶೀಟಿನಲ್ಲಿರಲಿ, ಉಳಿದದ್ದು ಫೋನಿನಲ್ಲಿ. ನೀವು ಮಲಗಿದರೆ ಯಾರು, ಅವರೂ ಮಲಗಿದರೆ ಯಾರು ಎಂದು ಮೂರು ಹೆಸರು ಬರೆದು ಗೋಡೆಗೆ ಅಂಟಿಸಿ. ಔಷಧಿ ಬೀರುವಿನ ಕೀಲಿ, ಕಟ್ಟುನಿಟ್ಟಿನ ಲೆಕ್ಕ ಇಡಬೇಕಾದ ಔಷಧಿಗಳ ಪಟ್ಟಿಯಾದ ಷೆಡ್ಯೂಲ್ ಎಕ್ಸ್‌ನಲ್ಲಿರುವ ಅರಿವಳಿಕೆ ಮದ್ದು ಕೆಟಮಿನ್‌ನ ರಿಜಿಸ್ಟರ್, ಸಹಿ ಮಾಡುವ ಅಧಿಕಾರ, ಇವು ಮೂರೂ ಆ ಹೆಸರುಗಳ ಜೊತೆಗೇ ಹೋಗಬೇಕು. ಹೆಸರಿದ್ದು ಸಹಿಯ ಅಧಿಕಾರ ಇಲ್ಲದಿದ್ದರೆ ಅವರು ಸಾಮಾನು ತರಿಸಲಾರರು.

ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ ಹೊರಗೆ ಮರದಡಿ ನಿಂತು ಮಾತಾಡಿ. ನಿಯಮಗಳೆಲ್ಲ ಒಂದೇ ಹಾಳೆಯಲ್ಲಿರಲಿ, ಮೇಲೆ ತಾರೀಕು, ಎಷ್ಟನೇ ತಿದ್ದುಪಡಿ ಎಂಬ ಸಂಖ್ಯೆ. ಹೊಸ ಹಾಳೆ ಅಂಟಿಸಿದಾಗ ಹಳೆಯದನ್ನು ಕಿತ್ತುಹಾಕಿ. ವಾಟ್ಸಾಪ್‌ನಲ್ಲಿ ಬಂದದ್ದು ನಿಯಮವಲ್ಲ, ಗೋಡೆಯ ಮೇಲಿದ್ದದ್ದೇ ನಿಯಮ ಎಂದು ಮೊದಲೇ ಹೇಳಿ. ನಿಯಮ ಬದಲಿಸಿದಾಗ ಯಾಕೆ ಎಂದು ಒಂದು ಸಾಲು ಬರೆಯಿರಿ. ನಿನ್ನೆ ಹೇಳಿದ್ದು ಇಂದು ತಪ್ಪಾಗಿದ್ದರೆ ತಪ್ಪಾಗಿತ್ತು ಎಂದೇ ಹೇಳಿ. ಜನ ಬದಲಾವಣೆಗೆ ಸಿಟ್ಟಾಗುವುದಿಲ್ಲ, ಕಾರಣ ಹೇಳದ ಬದಲಾವಣೆಗೆ ಸಿಟ್ಟಾಗುತ್ತಾರೆ.

ಇನ್ನು ಕೇಸ್‌ಗಳು. 2020ರ ಏಪ್ರಿಲ್ 15ರ ಕೇಂದ್ರದ ಮಾರ್ಗಸೂಚಿಯಲ್ಲಿ ಪಶು ಆಸ್ಪತ್ರೆಗಳಿಗೆ ಲಾಕ್‌ಡೌನ್‌ನಿಂದ ವಿನಾಯಿತಿ ಇತ್ತು. ಅಂದರೆ ಬಾಗಿಲು ತೆರೆದಿರಬೇಕು, ಆದರೆ ಜನಸಂದಣಿ ಇರಬಾರದು. ಗೇಟಿನಲ್ಲೇ ಫೋನ್ ನಂಬರ್ ಹಾಕಿ, ಫೋನಿನಲ್ಲೇ ಪೂರ್ವವೃತ್ತ ಬರೆದುಕೊಳ್ಳಿ. ಈ ಕೆಲಸ ಮನೆಯಲ್ಲಿರುವ ತಂಡದ ಪಿಜಿಗಳದ್ದು. ತಡ ಮಾಡದೆ ಒಳಗೆ ಬಿಡಬೇಕಾದವು: ಉಸಿರಿಗೆ ಒದ್ದಾಡುವವು, ತಿಣುಕಿದರೂ ಮೂತ್ರ ಬಾರದ ಗಂಡು ಬೆಕ್ಕು, ಹೊಟ್ಟೆ ಉಬ್ಬಿ ವಾಂತಿ ಬಾರದೆ ಓಕರಿಸುವ ದೊಡ್ಡ ತಳಿಯ ನಾಯಿ, ನೀರುಚೀಲ ಒಡೆದು ಎರಡು ಗಂಟೆಯಾದರೂ ಕರು ಬಾರದ ಹಸು, ಗರ್ಭಕೋಶ ಹೊರಬಂದದ್ದು, ಕರು ಹಾಕಿ ಏಳಲಾರದೆ ಬಿದ್ದ ಹಾಲುಜ್ವರದ ಹಸು, ಹಾವು ಕಡಿದದ್ದು, ವಿಷ ತಿಂದದ್ದು. ಕಾಯಬಹುದಾದವು: ಹಲ್ಲು ಸ್ವಚ್ಛ ಮಾಡುವುದು, ಆರೋಗ್ಯವಂತ ನಾಯಿಯ ಸಂತಾನಹರಣ, ಬೆಳೆದ ನಾಯಿಗೆ ರೇಬೀಸ್ ಬಿಟ್ಟು ಉಳಿದ ವಾರ್ಷಿಕ ಬೂಸ್ಟರ್.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಲಸಿಕೆಗಳೆಲ್ಲ 'ಕಾಯಬಹುದು' ಪಟ್ಟಿಗೆ ಬೀಳುತ್ತವೆ. ನಾಯಿಮರಿಗಳ ಪಾರ್ವೊ (ರಕ್ತಭೇದಿ ತರುವ ವೈರಸ್) ಲಸಿಕೆ, ರೇಬೀಸ್ ಲಸಿಕೆ, ಮಳೆಗಾಲಕ್ಕೆ ಮುಂಚಿನ ಗಳಲೆರೋಗ, ಚಪ್ಪೆರೋಗದ ಲಸಿಕೆ ಕಾಯುವುದಿಲ್ಲ. ಒಂದು ಮಹಾಮಾರಿಯ ನಡುವೆ ಇನ್ನೊಂದನ್ನು ಸಾಕಿಕೊಳ್ಳುವುದು ಬೇಡ. ಎರಡನೆಯದು, ಮುಂದೂಡಿದವರ ಪಟ್ಟಿಯೇ ಇರುವುದಿಲ್ಲ. ಮಾರ್ಚ್‌ನಲ್ಲಿ ಅಡಿಕೆ ಗಾತ್ರ ಇದ್ದ ಕೆಚ್ಚಲಿನ ಗಂಟು ಜೂನ್‌ನಲ್ಲಿ ಒಡೆದ ಹುಣ್ಣಾಗಿ ಬರಬಹುದು. ಮುಂದೂಡಿದ ಪ್ರತಿ ಕೇಸ್‌ಗೂ ಮರಳಿ ಕರೆಯುವ ತಾರೀಕು ಬರೆಯಿರಿ, ವಾರಕ್ಕೊಮ್ಮೆ ಒಬ್ಬರು ಆ ಪಟ್ಟಿ ಹಿಡಿದು ಫೋನ್ ಮಾಡಲಿ.

ದನದ ವಿಭಾಗ ನೀವು ಅಂದುಕೊಂಡದ್ದಕ್ಕಿಂತ ಸುರಕ್ಷಿತ. ಟ್ರೆವಿಸ್ (ದನವನ್ನು ಅಲುಗದಂತೆ ನಿಲ್ಲಿಸುವ ಚೌಕಟ್ಟು) ತೆರೆದ ಶೆಡ್‌ನಲ್ಲಿದೆ, ಮಾಲೀಕ ಹಸುವಿನ ತಲೆಯ ಬಳಿ, ವೈದ್ಯರು ಬಾಲದ ಬಳಿ, ನಡುವೆ ಹಸುವೇ ಎರಡು ಮೀಟರ್ ಅಂತರ. ಮಾಲೀಕನನ್ನು ಹೊರಗೆ ನಿಲ್ಲಿಸಿದರೆ ಹಸು ಬೆದರುತ್ತದೆ, ಆಗ ಇನ್ನೂ ಇಬ್ಬರು ಬೇಕಾಗುತ್ತದೆ. ಅವನನ್ನು ಒಳಗೇ ಬಿಡಿ. ಅಪಾಯ ಇರುವುದು ಸಣ್ಣ ಪ್ರಾಣಿಗಳ ಎಸಿ ರೂಮಿನಲ್ಲಿ. ಎಸಿ ಆರಿಸಿ ಕಿಟಕಿ ತೆರೆಯಿರಿ, ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಗಾಳಿ ಹೊರಗೆ ಹೋಗುತ್ತಿದೆಯೋ ಇಲ್ಲವೋ ನೋಡಲು ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ಗಮನಿಸಿ. ಬೆಕ್ಕು ಹಾರಿಹೋಗದಂತೆ ಕಿಟಕಿಗೆ ಮೊದಲೇ ಜಾಲರಿ ಹೊಡೆಸಿ. ನಾಯಿಯನ್ನು ಗೇಟಿನಲ್ಲಿ ಆಸ್ಪತ್ರೆಯ ಹಗ್ಗಕ್ಕೆ ಬದಲಿಸಿಕೊಂಡು ಒಳಗೆ ತನ್ನಿ. ಮಾಲೀಕರಿಗೇ ಸೋಂಕಿದ್ದರೆ ಮನೆಯ ಬೇರೆಯವರು ಪ್ರಾಣಿಯನ್ನು ತರಲಿ. ಪ್ರಾಣಿಯ ಮೈಗೆ ಸ್ಯಾನಿಟೈಸರ್ ಹಚ್ಚುವುದು ಖಂಡಿತ ಬೇಡ, ಅದು ನೆಕ್ಕಿಕೊಂಡರೆ ವಿಷ. ದಯಾಮರಣದ ಸಂದರ್ಭದಲ್ಲಿ ಮಾತ್ರ ನಿಯಮ ಸಡಿಲಿಸಿ: ಹೊರಗೆ ತೆರೆದ ಜಾಗದಲ್ಲಿ, ಮಾಸ್ಕ್ ಹಾಕಿಕೊಂಡು, ಮನೆಯವರೊಬ್ಬರು ಕೊನೆಯವರೆಗೂ ಜೊತೆಗಿರಲಿ. ಹದಿನಾಲ್ಕು ವರ್ಷ ಸಾಕಿದ ನಾಯಿಯನ್ನು ಗೇಟಿನಲ್ಲಿ ಒಪ್ಪಿಸಿ ಹೋಗಿ ಎಂದು ಯಾರಿಗೂ ಹೇಳಬಾರದು, ಅದನ್ನು ಹೇಳಬೇಕಾದ ನಿಮ್ಮ ಇಂಟರ್ನ್‌ಗೂ ಅದು ವರ್ಷಗಟ್ಟಲೆ ಚುಚ್ಚುತ್ತದೆ.

ಶುಚಿ ಮಾಡುವ ಲೆಕ್ಕ ಸರಳ. ಶೇ 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 50 ಗ್ರಾಂ, 15 ಲೀಟರ್ ನೀರು: ಇದು ಶೇ 0.1ರ ದ್ರಾವಣ, ನೆಲ ಮೇಜಿಗೆ ಸಾಕು, ಹತ್ತು ನಿಮಿಷ ಹಸಿಯಾಗಿರಬೇಕು. ಶೇ 5ರ ಹೈಪೋಕ್ಲೋರೈಟ್ ದ್ರವ ಆದರೆ 20 ಮಿಲಿಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ. ದಿನಾ ಹೊಸದಾಗಿ ಕಲಸಿ, ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಸಗಣಿ, ರಕ್ತ ಇರುವ ಕಡೆ ನೇರ ಸುರಿದರೆ ಕ್ಲೋರಿನ್ನೆಲ್ಲ ಅದಕ್ಕೇ ಖರ್ಚಾಗುತ್ತದೆ, ಮೊದಲು ನೀರಲ್ಲಿ ತೊಳೆಯಬೇಕು. ಗಂಜಲ ನಿಂತ ನೆಲಕ್ಕೆ ಹಾಕಿದರೆ ಅಮೋನಿಯಾ ಜೊತೆ ಸೇರಿ ಕಣ್ಣು, ಗಂಟಲು ಉರಿಸುವ ಅನಿಲ ಏಳುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಇದು ಹಸುವಿಗೂ ತೊಳೆಯುವವರಿಗೂ ಅಪಾಯ.

ಎನ್95 ಮಾಸ್ಕ್ ಕೊರತೆಯಾದರೆ ತಲೆಗೆ ಐದು ಕೊಡಿ, ದಿನಕ್ಕೊಂದು, ಹೆಸರು ಬರೆದ ಕಾಗದದ ಚೀಲದಲ್ಲಿ ಒಣಗಲಿ, ಆರನೇ ದಿನ ಮೊದಲನೆಯದು. ಪ್ಲಾಸ್ಟಿಕ್ ಚೀಲ ಬೇಡ, ಬೆವರು ಆರುವುದಿಲ್ಲ. ಸ್ಪಿರಿಟ್ ಸಿಂಪಡಿಸಿದರೆ ಕಣ ಹಿಡಿಯುವ ವಿದ್ಯುದಂಶವೇ ಹೋಗಿ ಬರೀ ಬಟ್ಟೆಯಾಗುತ್ತದೆ.

ಆಕ್ಸಿಜನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತದ್ದನ್ನು ಈ ರಾಜ್ಯದಲ್ಲಿ ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ನಾವು ಬಳಸುವ ಪ್ರತಿ ಲೀಟರಿಗೂ ಲೆಕ್ಕ ಇರಬೇಕು. 20 ಕಿಲೋ ನಾಯಿಗೆ ಬೇನ್ ಸರ್ಕ್ಯೂಟಿನಲ್ಲಿ (ಬಿಟ್ಟ ಉಸಿರನ್ನು ಹೊರಗೆ ಹಾಕುವ, ಅರಿವಳಿಕೆ ಯಂತ್ರದ ಕೊಳವೆ ಜೋಡಣೆ) ಕಿಲೋಗೆ 200 ಮಿಲಿಯಂತೆ ನಿಮಿಷಕ್ಕೆ 4 ಲೀಟರ್ ಹೋಗುತ್ತದೆ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್, ಅಂದರೆ ಆರು ಗಂಟೆ ಚಿಲ್ಲರೆ. ಅದೇ ನಾಯಿಗೆ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮರುಬಳಸುವ ಸರ್ಕಲ್ ಸರ್ಕ್ಯೂಟಿನಲ್ಲಿ ಮೊದಲ ಹತ್ತು ನಿಮಿಷ ಹೆಚ್ಚು ಹರಿವು ಕೊಟ್ಟು, ಆಮೇಲೆ ಕಿಲೋಗೆ 25 ಮಿಲಿಗೆ ಇಳಿಸಿದರೆ ನಿಮಿಷಕ್ಕೆ ಅರ್ಧ ಲೀಟರ್. ಅದೇ ಸಿಲಿಂಡರ್ ಹೆಚ್ಚುಕಡಿಮೆ 50 ಗಂಟೆ ಬರುತ್ತದೆ. ಆದರೆ ಹಳೆಯ ಯಂತ್ರದ ಸೋರಿಕೆಯೇ ನಿಮಿಷಕ್ಕೆ ಅರ್ಧ ಲೀಟರ್ ಇದ್ದರೆ ಈ ಲೆಕ್ಕ ನೀರಿಗೆ ಹೋಯಿತು. ಸರ್ಕ್ಯೂಟಿನ ಬಾಯಿ ಮುಚ್ಚಿ, ಒತ್ತಡ 30 ಸೆಂಟಿಮೀಟರ್ ನೀರಿಗೆ ಏರಿಸಿ ನಿಲ್ಲುತ್ತದೆಯೇ ನೋಡಿ. ಇಳಿದರೆ ಚೀಲ, ಕೊಳವೆ, ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾಲೈಮ್ ಡಬ್ಬಿಯ ರಬ್ಬರ್ ವಾಷರ್ ಒಂದೊಂದಾಗಿ ಪರೀಕ್ಷಿಸಿ. ಕಳ್ಳ ಸಾಮಾನ್ಯವಾಗಿ ಆ ವಾಷರೇ. ಹರಿವು ಕಡಿಮೆ ಮಾಡಿದಾಗ ಸೋಡಾಲೈಮ್ ಬೇಗ ಮುಗಿಯುತ್ತದೆ, ಬಣ್ಣ ತಿರುಗಿದ ಕೂಡಲೇ ಬದಲಿಸಿ. ಅರಿವಳಿಕೆ ಆವಿ ಬೆರೆಸುವ ವೇಪರೈಸರ್‌ನ ಅಂಕಿಯನ್ನೂ ಸ್ವಲ್ಪ ಏರಿಸಬೇಕಾಗುತ್ತದೆ, ಇಲ್ಲವಾದರೆ ನಾಯಿ ಮೇಜಿನ ಮೇಲೆ ಎಚ್ಚರಾಗುತ್ತದೆ.

2020ರಲ್ಲಿ ಅಮೆರಿಕದ ಪಶುವೈದ್ಯಕೀಯ ಕಾಲೇಜುಗಳು ತಮ್ಮ ವೆಂಟಿಲೇಟರ್‌ಗಳನ್ನು ಮನುಷ್ಯರ ಆಸ್ಪತ್ರೆಗಳಿಗೆ ಕೊಟ್ಟವು. ನಿಮ್ಮನ್ನೂ ಕೇಳಬಹುದು, ಕೇಳಿದರೆ ಕೊಡಿ. ಯಂತ್ರದ ಸಂಖ್ಯೆ, ಜೊತೆಗೆ ಹೋದ ಬಿಡಿಭಾಗ, ವಾಪಸ್ ಬಂದಾಗ ಶುಚಿ ಮಾಡುವ ಜವಾಬ್ದಾರಿ ಯಾರದೆಂದು ಬರೆದುಕೊಂಡು ಕೊಡಿ. ಕೊಡಬಾರದ ಒಂದು ವಸ್ತು ಐವರ್ಮೆಕ್ಟಿನ್. 2021ರಲ್ಲಿ ಜನ ದನದ ಚುಚ್ಚುಮದ್ದನ್ನೇ ಕೇಳಿಕೊಂಡು ಬಂದರು. ಅದರ 1 ಮಿಲಿ 50 ಕಿಲೋ ಹಸುವಿಗೆ ಚರ್ಮದಡಿ ಕೊಡುವ ಅಳತೆ, ಮನುಷ್ಯ ಕುಡಿಯಲು ಮಾಡಿದ್ದಲ್ಲ. ಬೀಗ ಹಾಕಿ ಇಡಿ, ಕೇಸ್ ನಂಬರ್ ಇಲ್ಲದೆ ಒಂದು ಬಾಟಲಿಯೂ ಹೊರಗೆ ಹೋಗಬಾರದು.

ವಿದ್ಯಾರ್ಥಿಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಇಂಟರ್ನ್ ಎಂದರೆ ಅಗ್ಗದ ಕೈ ಅಲ್ಲ. ಮಾಸ್ಕ್ ಇಲ್ಲದಿದ್ದರೆ ಡ್ಯೂಟಿ ಇಲ್ಲ, ರೇಬೀಸ್‌ನ ಮುಂಜಾಗ್ರತಾ ಲಸಿಕೆ ಮುಗಿಯದಿದ್ದರೆ ನಾಯಿ ಹಿಡಿಯುವುದೂ ಇಲ್ಲ, ಏಕೆಂದರೆ ಅಂಥ ಸಮಯದಲ್ಲಿ ಕಚ್ಚಿದ ಗಾಯಕ್ಕೆ ಮನುಷ್ಯರ ಆಸ್ಪತ್ರೆಯಲ್ಲಿ ಜಾಗ ಸಿಗುವುದು ಕಷ್ಟ. ಆದರೆ ಅವರನ್ನು ಮನೆಗೆ ಕಳಿಸಿ ಆನ್‌ಲೈನ್ ತರಗತಿ ಮಾಡಿದರೆ ಮುಗಿಯಿತು ಎಂದೂ ಅಲ್ಲ. ಕುಂಟುವ ಹಸುವಿನ ನಡಿಗೆ, ಎಕ್ಸ್‌ರೇ ಓದುವುದು, ಕೇಸ್ ಚರ್ಚೆ ಪರದೆಯ ಮೇಲೆ ಚೆನ್ನಾಗಿಯೇ ಆಗುತ್ತವೆ. ಗುದದ್ವಾರದ ಮೂಲಕ ಗರ್ಭಪರೀಕ್ಷೆ ಆಗುವುದಿಲ್ಲ. ಕಸಾಯಿಖಾನೆಯಿಂದ ತಂದ ಎಮ್ಮೆಯ ಗರ್ಭಕೋಶವನ್ನು ಕೈ ತೂರುವಷ್ಟು ರಂಧ್ರವಿರುವ ಪೆಟ್ಟಿಗೆಯಲ್ಲಿಟ್ಟು, ನೋಡದೆ ಮುಟ್ಟಿ ಅಂಡಾಶಯ ಹುಡುಕಿಸಿ. ಗ್ಲೌಸ್ ಕಡ್ಡಾಯ, ಮನುಷ್ಯರಿಗೂ ತಗಲುವ ಬ್ರುಸೆಲ್ಲಾ ರೋಗಾಣು ಅಲ್ಲೂ ಇರಬಹುದು. ಆಮೇಲೆ ಐದೈದು ಜನರ ಗುಂಪು ಮಾಡಿ ಶೆಡ್‌ಗೆ ಕರೆಸಿ, ಒಂದು ಹಸುವಿಗೆ ದಿನಕ್ಕೆ ಇಬ್ಬರು ಮೂವರಿಗಿಂತ ಹೆಚ್ಚು ಕೈ ಬೇಡ. ಯಾರು ಏನು ಕಲಿತರು, ಏನು ಬಾಕಿ ಎಂದು ಒಬ್ಬೊಬ್ಬರ ಹೆಸರಿಗೂ ಪಟ್ಟಿ ಇಡಿ. ಬಾಕಿ ಇರುವುದನ್ನು ಪರೀಕ್ಷೆಗೆ ಮುಂಚೆ ಮಾಡಿಸಿಕೊಡುವುದು ಕಾಲೇಜಿನ ಸಾಲ.

ಕೊನೆಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ್ದೆಲ್ಲ ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗಕ್ಕೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾಯಿತು. ಹಸಿ ಹಾಲಿನಲ್ಲಿ ವೈರಸ್ ತುಂಬಿತ್ತು, ಆ ಹಾಲು ಕುಡಿದ ಬೆಕ್ಕುಗಳು ಸತ್ತವು. ಅಂಥದ್ದು ಬಂದರೆ ನಾನು ಸುರಕ್ಷಿತ ಎಂದ ದನದ ಶೆಡ್ಡೇ ಮೊದಲ ಅಪಾಯದ ಜಾಗ. ಆಗ ಮಾಸ್ಕಿನ ಜೊತೆ ಕಣ್ಣಿಗೆ ಕನ್ನಡಕವೂ ಬೇಕು, ಹಾಲು ಕಣ್ಣಿಗೇ ಸಿಡಿಯುತ್ತದೆ. ಕೆಚ್ಚಲುಬಾವು ಪರೀಕ್ಷೆಯ ಹಾಲನ್ನು ನೆಲಕ್ಕೆ ಹಿಂಡದೆ ಬ್ಲೀಚ್ ಹಾಕಿದ ಪಾತ್ರೆಗೆ ಹಿಂಡಬೇಕು, ಹಾಲು ಕ್ಲೋರಿನ್ನನ್ನು ನುಂಗುವುದರಿಂದ ಅಲ್ಲಿ ಶೇ 0.1 ಸಾಲದು, ಗಟ್ಟಿಯಾಗಿ ಕಲಸಬೇಕು. ಆಸ್ಪತ್ರೆಯ ಆವರಣದ ಬೆಕ್ಕುಗಳಿಗೆ ಉಳಿದ ಹಾಲು ಹಾಕುವ ಅಭ್ಯಾಸ ಇದ್ದರೆ ಅದನ್ನು ಅಂದೇ ನಿಲ್ಲಿಸಿ.