ಪಕ್ಕದ ಮನೆಗೆ ರಜೆಗೆ ಬರುವ ಹುಡುಗಿಗೆ ಮನಸ್ಸಿನಲ್ಲಿರೋದು ಹೇಳಿಬಿಡಲಾ, ಮರೆತುಬಿಡಲಾ?

ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿನಗೆ 16, ಮೈಸೂರಿನ ಕುವೆಂಪುನಗರದಲ್ಲಿ ಮನೆ. ಪಕ್ಕದ ಮನೆ ಅಜ್ಜಿಯ ಮೊಮ್ಮಗಳು, ನಿನ್ನದೇ ವಯಸ್ಸಿನವಳು, ಏಪ್ರಿಲ್‌ನಲ್ಲಿ ಬಂದು ಮೇ ಕೊನೆಗೆ ಹೊರಟುಹೋಗುತ್ತಾಳೆ. ಇದು ಮೂರನೇ ಬೇಸಿಗೆ. ಮಳೆಗಾಲದಲ್ಲಿ ಮರೆತೆ ಅಂದುಕೊಂಡಿದ್ದು ಮಾವಿನ ಹಣ್ಣಿನ ಕಾಲಕ್ಕೆ ಮತ್ತೆ ಶುರುವಾಗುತ್ತದೆ ಅಂತ ಬರೆದಿದ್ದೀಯ. ನಿನ್ನ ವಯಸ್ಸಿನ ಮಗ ನನಗಿದ್ದಾನೆ, ಅದಕ್ಕೇ ಏಕವಚನ. ಬೇಜಾರು ಮಾಡಿಕೊಳ್ಳಬೇಡ.

ಹೇಳೋದೂ ಬೇಡ, ಮರೆಯೋದೂ ಬೇಡ. ಮೊದಲು ಅವಳ ಜೊತೆ ಮಾತಾಡು. ಪ್ರೀತಿಯ ಮಾತಲ್ಲ, ಬರೀ ಮಾತು. ನಿನ್ನ ಅಷ್ಟುದ್ದದ ಪ್ರಶ್ನೆಯಲ್ಲಿ ಅವಳು ನಿನಗೆ ಹೇಳಿದ ಒಂದೇ ಒಂದು ಮಾತೂ ಇಲ್ಲ. ಅವಳ ನೀಲಿ ಸೈಕಲ್ ಇದೆ, ತಲೆ ಒಣಗಿಸಿಕೊಳ್ಳೋಕೆ ಮಹಡಿಗೆ ಬರೋ ಹೊತ್ತು ಇದೆ, ಮಾತಿಲ್ಲ. ಇದನ್ನು ಓದಿದಾಗ ನನ್ನ ಎದೆ ಒಂದು ಕ್ಷಣ ಧಸಕ್ಕೆಂದಿತು, ಯಾಕೆಂದರೆ ನಾನೂ ಹೀಗೇ ಮೂರು ಬೇಸಿಗೆ ಕಳೆದವಳು.

ನಾನು ಬೆಳೆದದ್ದು ಮಂಡ್ಯದ ಸುಭಾಷ್ ನಗರದಲ್ಲಿ. 1996ರಲ್ಲಿ ನನಗೆ 14. ಪಕ್ಕದ ಮನೆ ಅಜ್ಜಿಯ ಮೊಮ್ಮಗ ಆ ವರ್ಷ ಮೊದಲ ಸಲ ರಜೆಗೆ ಅಂತ ಶಿವಮೊಗ್ಗದಿಂದ ಬಂದ. ಎರಡೂ ಮನೆಯ ತಾರಸಿಗಳ ಮಧ್ಯೆ ಸೊಂಟದೆತ್ತರದ ಗೋಡೆ ಅಷ್ಟೇ. ಬೇಸಿಗೆಯಲ್ಲಿ ಅಮ್ಮ ಬೆಳಗಿನ ಜಾವವೇ ಎದ್ದು ಜೀರಿಗೆ ಹಾಕಿ ಅಕ್ಕಿ ಹಿಟ್ಟಿನ ಗಂಜಿ ಕಾಯಿಸೋರು. ಅಪ್ಪನ ಹಳೇ ಪಂಚೆಯನ್ನು ನೆನೆಸಿ ಹಿಂಡಿ ತಾರಸಿ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಚಮಚದಲ್ಲಿ ಸಂಡಿಗೆ ಬಿಡೋದು. ಕಾಗೆ ಓಡಿಸೋ ಕೆಲಸ ನನ್ನದು. ಅವನು ಅವರ ನೀರಿನ ಟ್ಯಾಂಕಿನ ನೆರಳಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದ. ಸಂಡಿಗೆ ಎರಡು ದಿನಕ್ಕೆ ಒಣಗುತ್ತೆ. ನಾನು ಮಾತ್ರ ಏನಾದರೊಂದು ನೆಪ ಹುಡುಕಿಕೊಂಡು ಎರಡು ತಿಂಗಳೂ ತಾರಸಿಯಲ್ಲೇ ಇದ್ದೆ. ಅವನು ತುಂಬಾ ಓದಿದವನು, ಗಂಭೀರ, ನನ್ನ ಹಾಗೇ ಒಂಟಿತನ ಇಷ್ಟ ಅಂತ ಎಲ್ಲವನ್ನೂ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

1998ರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಭರಣಿ ಮಳೆ ಇದ್ದಕ್ಕಿದ್ದಂತೆ ಬಂತು. ಕೆಳಗಿನಿಂದ ಅಜ್ಜಿ, "ಮಳೆ ಬತ್ತಾ ಅದೆ, ಸಂಡ್ಗೆ ಎತ್ಕಳ್ರವ್ವೋ" ಅಂತ ಕೂಗಿದರು. ನಾನೊಬ್ಬಳೇ ಪಂಚೆ ಎಳೆಯೋಕೆ ಆಗದೆ ಒದ್ದಾಡುತ್ತಿದ್ದಾಗ ಅವನು ಗೋಡೆ ಹಾರಿ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಮೆಟ್ಟಿಲ ಮೇಲಿನ ಸಣ್ಣ ಮಾಡಿನ ಕೆಳಗೆ ನಿಂತೆವು. ಅರ್ಧ ಒಣಗಿದ ಸಂಡಿಗೆ ನನ್ನ ಅಂಗೈಗೆಲ್ಲ ಅಂಟಿಕೊಂಡಿತ್ತು. ಅವನು ನನ್ನ ತಂಗಿಯ ಹೆಸರು ಹಿಡಿದು ನನ್ನನ್ನು ಮಾತಾಡಿಸಿದ.

ಮೂರು ವರ್ಷ. ನನ್ನ ಹೆಸರೇ ಅವನಿಗೆ ಗೊತ್ತಿರಲಿಲ್ಲ.

ಅಳು ಬಂತು, ತಡೆದುಕೊಂಡೆ. ಮಳೆ ನಿಲ್ಲೋಕೆ ಅರ್ಧ ಗಂಟೆ ಹಿಡಿಯಿತು, ಅಷ್ಟೂ ಹೊತ್ತು ಅವನು ಮಾತಾಡಿದ. ಫಸ್ಟ್ ಪಿಯುಸಿಯಲ್ಲಿ ಗಣಿತ ಹೋಗಿತ್ತಂತೆ. ಅಪ್ಪನಿಗೆ ಹೇಳೋ ಧೈರ್ಯ ಸಾಲದೆ ಇಲ್ಲಿ ಬಂದು ಕೂತಿದ್ದ. ಆ ವರ್ಷ ನಾನು ದೂರದಿಂದ ನೋಡಿ ಬೆರಗಾಗುತ್ತಿದ್ದ ಪುಸ್ತಕ ಗಣಿತದ್ದೇ, ಅರ್ಥವಾಗದೆ ಅದೇ ಪುಟ ತಿರುವುತ್ತಿದ್ದನಂತೆ. ಒಂಟಿಯಾಗಿರೋದು ಅವನಿಗೆ ಇಷ್ಟವೇ ಇರಲಿಲ್ಲ. ಶಿವಮೊಗ್ಗದ ಗೆಳೆಯರನ್ನು ನೆನೆದು ಬೇಜಾರಾಗಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬಂತು, ತುಂಬಾ ದಿನದ ಮೇಲೆ. ಇಷ್ಟ ಹೋಗಲಿಲ್ಲ ಕಣೋ. ಅದರೊಳಗಿನ ಉರಿ ಹೋಯಿತು. ಉಳಿದ ಎರಡು ವಾರ ಅವನು, ನಾನು, ತಂಗಿ ಅಜ್ಜಿಯ ಮನೆ ಹಜಾರದಲ್ಲಿ ಚೌಕಾಬಾರ ಆಡಿದೆವು.

ಮುಂದೆ ನಾನು ಹೈಸ್ಕೂಲ್ ಟೀಚರ್ ಆದೆ. ಓದಿನ ನಡುವೆ ತಿಳಿದದ್ದು ಒಂದೆರಡು ಹೇಳುತ್ತೇನೆ, ನಿನ್ನ ಮನಸ್ಸಿಗೆ ಸಮಾಧಾನವಾಗಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ಲಿಯಾನ್ ಫೆಸ್ಟಿಂಗರ್ ಅನ್ನುವ ಮನಃಶಾಸ್ತ್ರಜ್ಞ ಮತ್ತವರ ಜೊತೆಗಾರರು ಯಾರಿಗೆ ಯಾರು ಆಪ್ತರು ಅಂತ ವಿಚಾರಿಸಿ 1950ರಲ್ಲಿ ಪ್ರಕಟಿಸಿದರು. ಪಕ್ಕಪಕ್ಕದ ಮನೆಯವರಲ್ಲಿ ಶೇ. 41ರಷ್ಟು ಆಪ್ತರಾಗಿದ್ದರೆ, ಒಂದು ಮನೆ ಬಿಟ್ಟು ಇದ್ದವರಲ್ಲಿ ಶೇ. 22, ಅದೇ ಅಂತಸ್ತಿನ ಎರಡು ತುದಿಗಳಲ್ಲಿ ಇದ್ದವರಲ್ಲಿ ಶೇ. 10 ಮಾತ್ರ. ದಿನಾ ಕಣ್ಣಿಗೆ ಬೀಳುವವರತ್ತ ಮನಸ್ಸು ವಾಲುವುದು ಸಹಜ. ನಿನ್ನಲ್ಲಿ ಏನೂ ತಪ್ಪಿಲ್ಲ. ಇನ್ನು ಡೊರೊಥಿ ಟೆನೊವ್ ಅನ್ನುವ ಮನಃಶಾಸ್ತ್ರಜ್ಞೆ ಇಂಥ ಗುಂಗಿಗೆ ಲಿಮರೆನ್ಸ್ ಅಂತ ಹೆಸರಿಟ್ಟು 1979ರಲ್ಲಿ ಪುಸ್ತಕ ಬರೆದರು. ಅವರ ಅಂದಾಜಿನಲ್ಲಿ ಇದು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಇರುತ್ತದೆ. ಸ್ವಲ್ಪ ಆಸೆ, ಸ್ವಲ್ಪ ಅನುಮಾನ, ಇವೆರಡೂ ಸೇರಿ ಅದನ್ನು ಸಾಕುತ್ತವೆ. ವರ್ಷದಲ್ಲಿ ಎರಡು ತಿಂಗಳು ಕಂಡು ಹತ್ತು ತಿಂಗಳು ಕಾಣದೆ ಹೋಗುವ ಹುಡುಗಿಯ ವಿಷಯದಲ್ಲಿ ಆ ಅನುಮಾನ ತೀರೋದಾದರೂ ಹೇಗೆ? ನಿನ್ನದು ಮೂರು ಬೇಸಿಗೆ ಉಳಿದಿರೋದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತದೆ.

ಹೇಗೆ ಮಾತಾಡಲಿ ಅಂತೀಯ. ಮುಂಬಾಗಿಲಿಂದ ಹೋಗು. ಅಜ್ಜಿ ಮನೆಗೆ ಅಮ್ಮ ಕೊಟ್ಟ ಹಲಸಿನ ತೊಳೆ ತಗೊಂಡು ಹೋಗು, ಅಜ್ಜಿಗೆ ಗ್ಯಾಸ್ ಸಿಲಿಂಡರ್ ಎತ್ತಿಕೊಡು. ಅವಳಿದ್ದರೆ ಯಾವ ಕಾಲೇಜು, ಏನು ತಗೊಳ್ತೀಯ ಅಂತ ಕೇಳು. ಬೆಳಿಗ್ಗೆ ಬೀದಿಯ ಹುಡುಗ ಹುಡುಗಿಯರೆಲ್ಲ ಕುಕ್ಕರಹಳ್ಳಿ ಕೆರೆಗೋ ಚಾಮುಂಡಿ ಬೆಟ್ಟದ ಮೆಟ್ಟಿಲಿಗೋ ಹೊರಟರೆ ಅವಳನ್ನೂ ಕರೆಯಿರಿ. ಬರಲ್ಲ ಅಂದರೆ ಅದನ್ನು ಅಲ್ಲಿಗೇ ಬಿಡು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಅವಳು ಮಹಡಿಗೆ ಬರೋ ಹೊತ್ತಿಗೇ ನೀನೂ ಹೋಗಿ ನಿಲ್ಲೋದನ್ನು ಇವತ್ತೇ ಬಿಡು. ಗೆಳೆಯರ ಕೈಲಿ ಚೀಟಿ ಕಳಿಸೋದು, ಯಾರಿಂದಲೋ ನಂಬರ್ ತಗೊಂಡು ಮೆಸೇಜ್ ಹಾಕೋದು ಬೇಡವೇ ಬೇಡ. ನಮ್ಮ ಬೀದಿಯಲ್ಲಿ ಇನ್ನೊಬ್ಬ ಹುಡುಗ ನನ್ನನ್ನು ಹೀಗೆ ದಿಟ್ಟಿಸುತ್ತಿದ್ದ. ಅವನಿಗೆ ಭಯಪಟ್ಟು ಒಂದು ಬೇಸಿಗೆ ನಾನು ಸಂಜೆ ತಾರಸಿಗೆ ಹೋಗೋದನ್ನೇ ನಿಲ್ಲಿಸಿದ್ದೆ. ಅವನು ಕೆಟ್ಟವನೇನಲ್ಲ ಅಂತ ಈಗ ಅನ್ನಿಸುತ್ತೆ, ಆದರೆ ಆ ಸಂಜೆಗಳು ನನಗೆ ವಾಪಸ್ ಸಿಗಲಿಲ್ಲ. ನಿನ್ನ ದೆಸೆಯಿಂದ ಅವಳಿಗೆ ಹಾಗಾಗಬಾರದು.

ರಾತ್ರಿ ನಿದ್ದೆ ಇಲ್ಲ, ಪುಸ್ತಕ ಮುಟ್ಟೋಕಾಗಲ್ಲ ಅಂತಲೂ ಬರೆದಿದ್ದೀಯ. ಇದು ಹೀಗೇ ಮುಂದುವರಿದರೆ ಅಮ್ಮನ ಹತ್ತಿರ ಹೇಳು. ಆಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಾಗಿಲ್ಲ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಅವಳು ಹೊರಡೋಕೆ ಇನ್ನೂ 20 ದಿನ ಇದೆ ಅಂದೆಯಲ್ಲ. ನಾಳೆ ಬೆಳಿಗ್ಗೆ ಅಜ್ಜಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋವಾಗ ಹೋಗಿ, ಅಂಗಡಿಯಿಂದ ಏನಾದರೂ ತರಬೇಕಾ ಅಂತ ಕೇಳು. ಏನಾಯಿತು ಅಂತ ಇಲ್ಲೇ ಬರೆ, ನಾನು ನೋಡುತ್ತಿರುತ್ತೇನೆ.